ವಿಟಮಿನ್ ಡಿ ಕಮ್ಮಿ ಬಂದಿದೆಯಾ? ಮಲೆನಾಡಿನ ಮಳೆಗಾಲ ಲೆಕ್ಕಕ್ಕಿಟ್ಟು ಸರಿಪಡಿಸಿಕೊಳ್ಳುವ ಕ್ರಮ

ದೂರು ಯಾವಾಗಲೂ ಒಂದೇ ಥರ ಬರುತ್ತದೆ. "ಎಂಟು ಪ್ಯಾಕೆಟ್ ವಿಟಮಿನ್ ಡಿ ಪೌಡರ್ ಕುಡಿದೆ, ರಿಪೋರ್ಟು ಮತ್ತೆ 14." "ದಿನಾ ಬೆಳಿಗ್ಗೆ ಎಳೆಬಿಸಿಲು ಕಾಯಿಸ್ತೀನಿ, ಆದ್ರೂ ಏರ್ತಾ ಇಲ್ಲ." "ತೋಟದಲ್ಲೇ ಇರೋ ನಮಗ್ಯಾಕೆ ಬಿಸಿಲಿನ ವಿಟಮಿನ್ ಕಮ್ಮಿ?" ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರು ಜಾಸ್ತಿ ಕೇಳುತ್ತಾರೆ. ಕಡೂರು, ಅರಸೀಕೆರೆಯವರೂ ಬಿಟ್ಟಿಲ್ಲ.

ಸಾಮಾನ್ಯವಾಗಿ ಔಷಧಿಯಲ್ಲಿ ತಪ್ಪಿರುವುದಿಲ್ಲ, ಕ್ರಮದಲ್ಲಿ ಇರುತ್ತದೆ. ಮೊದಲು ಪ್ಯಾಕೆಟ್, ಆಮೇಲೆ ಟೆಸ್ಟ್, ಕೊನೆಗೆ ಡಾಕ್ಟರು ಅಂತ ಹೋಗುತ್ತೇವೆ. ನಾನು ಡಾಕ್ಟರಲ್ಲ. ಡೋಸು ಬರೆಯುವುದು ನಿಮ್ಮ ಡಾಕ್ಟರ ಕೆಲಸ. ಅವರು ಬರೆದ ಚೀಟಿ ಮನೆಗೆ ಬಂದ ಮೇಲೆ ಹಾಳಾಗದಂತೆ ನೋಡಿಕೊಳ್ಳುವುದಕ್ಕೆ ಈ ಬರಹ.

## ಮೊದಲು ಎತ್ತಿಟ್ಟುಕೊಳ್ಳಬೇಕಾದ್ದು

ಒಂದು ಫೈಲು. ಅದರಲ್ಲಿ ಹಳೆಯ ರಕ್ತ ಪರೀಕ್ಷೆಯ ರಿಪೋರ್ಟುಗಳು. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪು: ಕೂದಲಿಗೆ ಅಂತ ತಗೊಳ್ಳುವುದು, ಯಾರೋ ಕೊಟ್ಟ ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಎಲ್ಲ. ಗೋಡೆಗೆ ಒಂದು ಕ್ಯಾಲೆಂಡರ್, ಅದರ ಪಕ್ಕ ಒಂದು ಪೆನ್ನು. ಪೆನ್ನು ಯಾಕೆ ಅಂತ ಹಂತ 5ರಲ್ಲಿ ಗೊತ್ತಾಗುತ್ತದೆ.

## ಹಂತ 1: ಲಕ್ಷಣ ಗಮನಿಸಿ, ಆದರೆ ಅದನ್ನೇ ನೆಚ್ಚಬೇಡಿ

ತಿಂದ ಊಟದಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಕರುಳಿಗೆ ವಿಟಮಿನ್ ಡಿ ಬೇಕು. ಅದು ಕಮ್ಮಿಯಾದರೆ ದೇಹ ಸುಮ್ಮನೆ ಕೂರುವುದಿಲ್ಲ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಜೋರಾಗಿ ಕೆಲಸ ಮಾಡಿ, ಮೂಳೆಯಿಂದ ಕ್ಯಾಲ್ಸಿಯಂ ಎತ್ತಿ ರಕ್ತಕ್ಕೆ ಹಾಕುತ್ತವೆ. ರಕ್ತದ ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಮೂಳೆ ಮಾತ್ರ ಒಳಗೊಳಗೇ ಸೊರಗುತ್ತದೆ.

ಗಟ್ಟಿ ಕೊರತೆ ಇದ್ದಾಗ ಕಾಣುವ ಗುರುತುಗಳು ಇವು. ಮೊಣಕಾಲಿನ ಕೆಳಗಿನ ಎಲುಬನ್ನು ಒತ್ತಿದರೆ ನೋವು. ಸೊಂಟ, ಪಕ್ಕೆಲುಬಿನಲ್ಲಿ ಎಲ್ಲಿ ಅಂತ ತೋರಿಸಲಾಗದ ನೋವು. ಕುಕ್ಕರಗಾಲಲ್ಲಿ ಕೂತವರು ನೆಲಕ್ಕೆ ಕೈ ಊರದೆ ಏಳಲಾಗದಿರುವುದು, ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು. ಮಕ್ಕಳಲ್ಲಿ ಕಾಲು ಬಿಲ್ಲಿನಂತೆ ಬಾಗುವುದು, ನಡಿಗೆ ತಡವಾಗುವುದು.

ಬರೀ "ಸುಸ್ತು" ಅನ್ನುವುದನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ಸಕ್ಕರೆ ಕಾಯಿಲೆ ಹೀಗೆ ಹತ್ತು ಕಾರಣ. ಡಿ ಒಂದನ್ನೇ ಹಿಡಿದುಕೊಂಡು ಆರು ತಿಂಗಳು ಕಳೆದು, ಆಮೇಲೆ ಹಿಮೋಗ್ಲೋಬಿನ್ 7 ಅಂತ ಗೊತ್ತಾದವರನ್ನು ನೋಡಿದ್ದೇನೆ.

## ಹಂತ 2: ಸರಿಯಾದ ಟೆಸ್ಟನ್ನೇ ಮಾಡಿಸಿ

ಬೇಕಾದ ಪರೀಕ್ಷೆಯ ಹೆಸರು "25-ಹೈಡ್ರಾಕ್ಸಿ ವಿಟಮಿನ್ ಡಿ". ಚೀಟಿಯಲ್ಲಿ ಬರೀ 25 ಅನ್ನುವ ಅಂಕಿ ಇದೆಯಾ, ಅದರ ಮೊದಲು 1 ಇಲ್ಲ ತಾನೇ, ನೋಡಿಕೊಳ್ಳಿ. "1,25-ಡೈಹೈಡ್ರಾಕ್ಸಿ" ಅನ್ನುವ ಇನ್ನೊಂದು ಟೆಸ್ಟ್ ಇದೆ. ಹೆಸರು ಹತ್ತಿರ, ಕೆಲಸ ಬೇರೆ. ಕೊರತೆ ಇದ್ದರೂ ಅದು ನಾರ್ಮಲ್, ಕೆಲವೊಮ್ಮೆ ಜಾಸ್ತಿ ಕೂಡ ತೋರಿಸಬಹುದು.

ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಕೂದಲು ಉದುರುವುದಕ್ಕೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಎರಡು ಮೂರು ದಿನ ಮೊದಲೇ ನಿಲ್ಲಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಕೆಲವು ಯಂತ್ರಗಳಲ್ಲಿ ಅದು ರಿಪೋರ್ಟನ್ನೇ ತಪ್ಪಿಸುತ್ತದೆ.

ಎಲ್ಲರೂ ಟೆಸ್ಟ್ ಮಾಡಿಸಬೇಕಾ? ಬೇಡ. ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರ ಮಾರ್ಗಸೂಚಿಯಲ್ಲಿ ಆರೋಗ್ಯವಾಗಿರುವ ವಯಸ್ಕರಿಗೆ ಸುಮ್ಮನೆ ಈ ಪರೀಕ್ಷೆ ಬೇಡ ಎಂದೇ ಹೇಳಿದೆ. ಮೂಳೆ ನೋವು, ಮೇಲಿನ ಥರದ ಸೋಲು, ಸಣ್ಣ ಏಟಿಗೆ ಮೂಳೆ ಮುರಿತ, ಫಿಟ್ಸ್ ಮಾತ್ರೆ, ಕರುಳಿನ ಅಥವಾ ಕಿಡ್ನಿ ಕಾಯಿಲೆ ಇದ್ದವರಿಗೆ ಬೇಕಾಗುತ್ತದೆ. ಹಬ್ಬದ ಆಫರ್ ಪ್ಯಾಕೇಜಿನಲ್ಲಿ ಸೇರಿದೆ ಅನ್ನುವ ಕಾರಣಕ್ಕೆ ಮಾಡಿಸಿ, ಅಂಕಿ ನೋಡಿ ಗಾಬರಿಯಾಗುವವರೇ ಜಾಸ್ತಿ.

## ಹಂತ 3: ಅಂಕಿ ಓದುವುದು

ಮೊದಲು ಅಳತೆ ಯಾವುದು ನೋಡಿ. ನಮ್ಮ ಲ್ಯಾಬುಗಳಲ್ಲಿ ಹೆಚ್ಚಾಗಿ ಒಂದು ಮಿಲಿ ರಕ್ತಕ್ಕೆ ಎಷ್ಟು ನ್ಯಾನೋಗ್ರಾಂ ಅಂತ ಕೊಡುತ್ತಾರೆ. ಕೆಲವರು ನ್ಯಾನೋಮೋಲ್ ಲೆಕ್ಕದಲ್ಲಿ ಕೊಡುತ್ತಾರೆ, ಅದು ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಒಂದರಲ್ಲಿ 20 ಅಂದರೆ ಇನ್ನೊಂದರಲ್ಲಿ 50. ಎರಡು ಲ್ಯಾಬಿನ ರಿಪೋರ್ಟು ಅಕ್ಕಪಕ್ಕ ಇಟ್ಟು "ಅಬ್ಬಾ, ಇಷ್ಟು ಏರಿದೆ" ಅಂತ ಖುಷಿಪಟ್ಟವರು ಇದ್ದಾರೆ.

ನ್ಯಾನೋಗ್ರಾಂ ಲೆಕ್ಕದಲ್ಲಿ 12ಕ್ಕಿಂತ ಕೆಳಗಿದ್ದರೆ ನಿಜವಾದ ಕೊರತೆ, ತಡ ಮಾಡಬೇಡಿ. 20 ದಾಟಿದರೆ ಹೆಚ್ಚಿನವರ ಮೂಳೆಗೆ ಸಾಕು. ರಿಪೋರ್ಟಿನಲ್ಲಿ ಮಾತ್ರ 30ರಿಂದ 100 ಅಂತ ಅಚ್ಚಾಗಿರುತ್ತದೆ. 27 ಬಂದರೆ ದಪ್ಪ ಅಕ್ಷರದಲ್ಲಿ ಕಮ್ಮಿ ಅಂತ ತೋರಿಸುತ್ತದೆ. ಆ 27 ಒಂದು ಕಾಯಿಲೆ ಅಲ್ಲ. ಅದಕ್ಕೆ ಹೆದರಿ ಮೆಡಿಕಲ್ ಶಾಪಿಗೆ ಓಡಬೇಡಿ.

ಕೊರತೆ ಜಾಸ್ತಿ ಇದ್ದರೆ ಇದರ ಜೊತೆಗೇ ಕ್ಯಾಲ್ಸಿಯಂ, ರಂಜಕ, ಮೂಳೆಯ ಸುಳಿವು ಕೊಡುವ ಆಲ್ಕಲೈನ್ ಫಾಸ್ಫಟೇಸ್, ಕಿಡ್ನಿಯ ಸುಳಿವು ಕೊಡುವ ಕ್ರಿಯಾಟಿನಿನ್ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಪೌಡರ್ ಶುರು ಮಾಡುವ ಮೊದಲು ಕ್ಯಾಲ್ಸಿಯಂ ಎಷ್ಟಿತ್ತು ಅನ್ನುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

## ಹಂತ 4: ಚೀಟಿ ಬರೆಸುವ ಮುನ್ನ ಬಾಯಿ ಬಿಟ್ಟು ಹೇಳಬೇಕಾದ್ದು

ಈ ಹಂತವನ್ನು ಹಾರಿಸುವವರೇ ತೊಂದರೆಗೆ ಸಿಕ್ಕಿಕೊಳ್ಳುವುದು. ಕಿಡ್ನಿ ಕಲ್ಲು ಆಗಿತ್ತಾ, ಕಿಡ್ನಿ ಕಾಯಿಲೆ ಇದೆಯಾ, ಕ್ಷಯ ಅಥವಾ ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮುಂತಾದ ಕಡೆ ಸಣ್ಣ ಗಂಟುಗಳಾಗುವ ಕಾಯಿಲೆ) ಇದೆಯಾ, ಹೇಳಿ. ಕೊನೆಯ ಎರಡು ಕಾಯಿಲೆಗಳಲ್ಲಿ ದೇಹ ವಿಟಮಿನ್ ಡಿಯನ್ನು ಅಂಕೆಯಿಲ್ಲದೆ ಚುರುಕು ರೂಪಕ್ಕೆ ತಿರುಗಿಸಿ ಕ್ಯಾಲ್ಸಿಯಂ ಏರಿಸಿಬಿಡಬಹುದು.

ಮಾತ್ರೆಗಳ ವಿಷಯದಲ್ಲೂ ಹಾಗೇ. ಫೆನಿಟೋಯಿನ್, ಕಾರ್ಬಮಜೆಪಿನ್ ಥರದ ಫಿಟ್ಸ್ ಮಾತ್ರೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ದಿನಗಟ್ಟಲೆ ತಗೊಳ್ಳುವ ಸ್ಟೀರಾಯ್ಡ್ ಇವೆಲ್ಲ ಡಿಯನ್ನು ಕರಗಿಸುತ್ತವೆ. ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆ ಕ್ಯಾಲ್ಸಿಯಂ ಏರಿಸುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರಿಗೆ ಕ್ಯಾಲ್ಸಿಯಂ ಏರಿದರೆ ಅಪಾಯ. ಹೆಸರು ನೆನಪಿರುವುದಿಲ್ಲ ಅಲ್ವಾ? ಅದಕ್ಕೇ ಖಾಲಿ ಸ್ಟ್ರಿಪ್ಪು ಫೈಲಿನಲ್ಲಿ ಇರಲಿ ಅಂದದ್ದು.

ತೂಕವನ್ನೂ ಹೇಳಿ. ದಪ್ಪ ಇರುವವರಿಗೆ ಅದೇ ಫಲಕ್ಕೆ ಎರಡರಿಂದ ಮೂರು ಪಟ್ಟು ಡೋಸು ಬೇಕಾಗಬಹುದು.

## ಹಂತ 5: ಪೌಡರ್ ಅಥವಾ ಕ್ಯಾಪ್ಸೂಲ್ ತಗೊಳ್ಳುವುದು

ಹೆಚ್ಚಿನವರು ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ದೊಡ್ಡವರಿಗೆ ಕೊರತೆ ಇದ್ದಾಗ ಡಾಕ್ಟರುಗಳು ಸಾಮಾನ್ಯವಾಗಿ ಬರೆಯುವುದು 60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), ವಾರಕ್ಕೆ ಒಂದು, ಎಂಟು ವಾರ. ಆಮೇಲೆ ತಿಂಗಳಿಗೊಂದು, ಅಥವಾ ದಿನಕ್ಕೆ 1,000ದಿಂದ 2,000 ಐಯು. ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ.

ಇನ್ನೊಮ್ಮೆ ಓದಿ: ವಾರಕ್ಕೆ ಒಂದು. ನಮ್ಮ ಮನೆಯಲ್ಲೇ ಇದು ತಪ್ಪಿತ್ತು. ಅತ್ತೆಗೆ ಬರೆದ ಚೀಟಿಯ ಅಕ್ಷರ ಅರ್ಥವಾಗಲಿಲ್ಲ. ಔಷಧಿ ಅಂಗಡಿಯ ಹುಡುಗ "ದಿನಾ ಒಂದು" ಅಂದ. ನಾಲ್ಕು ದಿನಕ್ಕೆ ನಾಲ್ಕು ಪ್ಯಾಕೆಟ್ ಖಾಲಿ. ಐದನೆಯದು ತರಲು ಹೋದಾಗ ಅಂಗಡಿಯ ಯಜಮಾನರು ತಡೆದರು. ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿದೆವು, ಸದ್ಯ ಏನೂ ಆಗಿರಲಿಲ್ಲ. ಎಂಟು ವಾರದ ಸರಿಯಾದ ಲೆಕ್ಕ 4 ಲಕ್ಷದ 80 ಸಾವಿರ ಐಯು. ಅದನ್ನೇ ದಿನಾ ಕುಡಿದರೆ 33 ಲಕ್ಷ ದಾಟುತ್ತದೆ. ನೀರಿನಲ್ಲಿ ಕರಗುವ ವಿಟಮಿನ್ನಿನ ಹಾಗೆ ಇದು ಮೂತ್ರದಲ್ಲಿ ಹೋಗುವುದಿಲ್ಲ, ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ.

ದಿನ ಗೊತ್ತು ಮಾಡಿ. ನಿಮ್ಮೂರಿನ ಸಂತೆಯ ದಿನ ಇಟ್ಟುಕೊಳ್ಳಿ. ಸೋಮವಾರ, ಬುಧವಾರ ಅಂತ ಇಟ್ಟುಕೊಂಡರೆ ಮರೆಯುತ್ತದೆ, ಸಂತೆ ಮರೆಯುವುದಿಲ್ಲ. ಕುಡಿದ ತಕ್ಷಣ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಮನೆಯಲ್ಲಿ ಇಬ್ಬರು ತಗೊಳ್ಳುತ್ತಿದ್ದರೆ ಎರಡು ಬಣ್ಣದ ಗೀಟು. ಒಂದು ವಾರ ತಪ್ಪಿದರೆ ನೆನಪಾದ ದಿನ ಒಂದು ತಗೊಳ್ಳಿ, ಎರಡು ಒಟ್ಟಿಗೆ ಬೇಡ.

ಊಟದ ಮೇಲೆ ತಗೊಳ್ಳಿ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಕಷಾಯದ ಜೊತೆ ಕುಡಿಯುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ಡಿ ಕರಗುವುದು ಕೊಬ್ಬಿನಲ್ಲಿ. ದಿನದ ದೊಡ್ಡ ಊಟ ಯಾವುದೋ ಅದರ ಮೇಲೆ ತಗೊಳ್ಳಿ. ಊಟದಲ್ಲಿ ಎಣ್ಣೆ, ತುಪ್ಪ, ಕಾಯಿಹಾಲು ಏನಾದರೂ ಇರಲಿ. ಪೌಡರನ್ನು ಹಾಲಿಗೆ ಹಾಕಿ ಕುಡಿಯಬಹುದು. ಕೊಬ್ಬು ಹೀರದಂತೆ ತಡೆಯುವ ಆರ್ಲಿಸ್ಟಾಟ್ ಥರದ ತೂಕ ಇಳಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಡಿ ಕೂಡ ಅದರ ಜೊತೆ ಹೊರಗೆ ಹೋಗುತ್ತದೆ.

ಹೆಸರು ಓದಿ. ಪ್ಯಾಕೆಟ್ ಮೇಲೆ "ಕೊಲೆಕ್ಯಾಲ್ಸಿಫೆರಾಲ್" ಅಥವಾ ಡಿ3 ಅಂತ ಇರಬೇಕು. "ಕ್ಯಾಲ್ಸಿಟ್ರಿಯಾಲ್", "ಆಲ್ಫಾಕ್ಯಾಲ್ಸಿಡಾಲ್" ಬೇರೆ ಔಷಧಿಗಳು. ಅವು ಸಿದ್ಧ ಅಡುಗೆ ಇದ್ದ ಹಾಗೆ, ಕಿಡ್ನಿ ಮಾಡಬೇಕಾದ ಕೆಲಸವನ್ನು ಮೊದಲೇ ಮುಗಿಸಿಕೊಂಡು ಬಂದವು. ಕಿಡ್ನಿ ಕೈಕೊಟ್ಟವರಿಗೆ ಬೇಕಾಗುತ್ತವೆ. ಉಳಿದವರು ಅದನ್ನು ನುಂಗಿದರೆ ಉಗ್ರಾಣ ತುಂಬುವುದಿಲ್ಲ, 25-ಹೈಡ್ರಾಕ್ಸಿ ರಿಪೋರ್ಟು ಏರುವುದಿಲ್ಲ, ಕ್ಯಾಲ್ಸಿಯಂ ಮಾತ್ರ ಏರಬಹುದು. "ಮೂರು ತಿಂಗಳು ತಗೊಂಡೆ, ಅಂಕಿ ಅಲ್ಲೇ ಇದೆ" ಅನ್ನುವವರ ಸ್ಟ್ರಿಪ್ಪು ನೋಡಿದಾಗ ಇದೇ ಸಿಕ್ಕಿದ್ದುಂಟು.

ಕ್ಯಾಲ್ಸಿಯಂ ಮಾತ್ರೆಯಲ್ಲಿರುವ ಡಿ ಸಾಕಾ? ಸಾಲುವುದಿಲ್ಲ. ಅದರಲ್ಲಿ ಇರುವುದು ಕೆಲವು ನೂರು ಐಯು. ಕೊರತೆ ತುಂಬಲು ಅದು ಕಮ್ಮಿ, ಆದರೆ ಒಟ್ಟು ಲೆಕ್ಕಕ್ಕೆ ಸೇರಿಸಬೇಕು. ಕ್ಯಾಲ್ಸಿಯಂ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಿ. ಕಬ್ಬಿಣದ ಮಾತ್ರೆಯ ಜೊತೆಗೂ ಬೇಡ. ಬಸುರಿಯರು ಇದನ್ನು ಗಮನಿಸಬೇಕು.

ಇಂಜೆಕ್ಷನ್ ಬಗ್ಗೆ. ಮಂಡಿ ನೋವಿಗೆ ಅಂತ 6 ಲಕ್ಷ ಐಯು ಇಂಜೆಕ್ಷನ್ ಹಾಕಿಸಿಕೊಳ್ಳುವುದು ನಮ್ಮ ಕಡೆ ಇನ್ನೂ ಇದೆ. ಒಬ್ಬರು ಹಾಸನದಲ್ಲಿ ಒಂದು, ಮಗಳ ಮನೆಗೆ ಹೋದಾಗ ಬೆಂಗಳೂರಿನಲ್ಲಿ ಇನ್ನೊಂದು ಹಾಕಿಸಿಕೊಂಡಿದ್ದರು. ಇಬ್ಬರು ಡಾಕ್ಟರಿಗೂ ಇನ್ನೊಬ್ಬರದ್ದು ಗೊತ್ತಿಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಬಾಯಲ್ಲೇ ಕೊಟ್ಟು ನೋಡಿದ್ದರು. 2010ರಲ್ಲಿ ಫಲಿತಾಂಶ ಬಂತು: ಬೀಳುವುದು, ಮೂಳೆ ಮುರಿಯುವುದು ಎರಡೂ ಕಮ್ಮಿಯಾಗುವ ಬದಲು ಹೆಚ್ಚಾಗಿತ್ತು. ಕರುಳು ಹೀರಲಾರದ ಕಾಯಿಲೆ ಇದ್ದವರಿಗೆ ಸೂಜಿ ಬೇಕಾಗಬಹುದು. ಉಳಿದವರು ಬಾಯಲ್ಲೇ, ಸ್ವಲ್ಪ ಸ್ವಲ್ಪವಾಗಿ ತಗೊಳ್ಳುವುದು ಒಳ್ಳೆಯದು.

ಕೂಸುಗಳಿಗೆ. ಎದೆಹಾಲಿನಲ್ಲಿ ಡಿ ಕಮ್ಮಿ. ಅದಕ್ಕೇ ಮೊದಲ ವರ್ಷ ದಿನಕ್ಕೆ 400 ಐಯು ಡ್ರಾಪ್ಸ್ ಬರೆಯುತ್ತಾರೆ. ಬಾಟಲಿ ಬದಲಾದಾಗ ಎಚ್ಚರ. ಒಂದರಲ್ಲಿ ಮಿಲಿಗೆ 400, ಇನ್ನೊಂದರಲ್ಲಿ 800 ಇರುತ್ತದೆ. ಹಳೆಯ ಡ್ರಾಪರ್ ಹೊಸ ಬಾಟಲಿಗೆ ಬೇಡ. ದೊಡ್ಡವರ ಪ್ಯಾಕೆಟ್ಟಿನ ಚೂರನ್ನು ಮಗುವಿಗೆ ಹಾಕುವ ಯೋಚನೆಯೇ ಬೇಡ.

## ಇವು ಕಂಡರೆ ಪೌಡರ್ ನಿಲ್ಲಿಸಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ

ಪದೇ ಪದೇ ಬಾಯಾರಿಕೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು. ಊಟ ಸೇರದಿರುವುದು, ವಾಕರಿಕೆ, ವಾಂತಿ, ಹೊಸದಾಗಿ ಶುರುವಾದ ಮಲಬದ್ಧತೆ. ವಯಸ್ಸಾದವರು ಒಂದಕ್ಕೊಂದು ಸಂಬಂಧವಿಲ್ಲದೆ ಮಾತಾಡುವುದು. ಇವು ರಕ್ತದಲ್ಲಿ ಕ್ಯಾಲ್ಸಿಯಂ ಏರಿದ ಗುರುತು, ಬಿಟ್ಟರೆ ಕಿಡ್ನಿಗೆ ಪೆಟ್ಟು. ಅಜ್ಜಿ ಮಂಕಾಗಿದ್ದಾಳೆ, ವಯಸ್ಸಾಯ್ತು ಅಂತ ಬಿಡಬೇಡಿ. ಅವಳು ಏನು ನುಂಗುತ್ತಿದ್ದಾಳೆ ಅಂತ ಡಬ್ಬಿ ತೆಗೆದು ನೋಡಿ. ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ.

## ಹಂತ 6: ಬಿಸಿಲು, ಆದರೆ ಎಳೆಬಿಸಿಲಲ್ಲ

ಇಲ್ಲಿ ಹೇಳುವುದು ಹಿರಿಯರು ಹೇಳಿದ್ದಕ್ಕೆ ಉಲ್ಟಾ. ಬೆಳಿಗ್ಗೆ ಏಳರ ಹಿತವಾದ ಬಿಸಿಲಿನಲ್ಲಿ ಡಿ ಹೆಚ್ಚುಕಮ್ಮಿ ಹುಟ್ಟುವುದೇ ಇಲ್ಲ. ಚರ್ಮದಲ್ಲಿ ಅದನ್ನು ಮಾಡುವುದು ಬಿಸಿಲಿನ ಯುವಿ-ಬಿ ಕಿರಣ. ಸೂರ್ಯ ಕೆಳಗಿದ್ದಾಗ ಆ ಕಿರಣ ಗಾಳಿಯ ದಪ್ಪ ಪದರ ದಾಟಿ ನೆಲಕ್ಕೆ ಬರುವಷ್ಟರಲ್ಲಿ ಸೋಸಿ ಹೋಗಿರುತ್ತದೆ. ತಿರುಪತಿಯಲ್ಲಿ ಇದನ್ನೇ ಅಳೆದು ನೋಡಿದ್ದಾರೆ. 11ರಿಂದ 2 ಗಂಟೆಯ ನಡುವೆ ಕೆಲಸ ಚೆನ್ನಾಗಿ ನಡೆಯುತ್ತದೆ ಅಂತ ಬಂತು. ಚಿಕ್ಕಮಗಳೂರು, ಹಾಸನ ಇರುವುದೂ ಸರಿಸುಮಾರು ಅದೇ 13 ಡಿಗ್ರಿ ಅಕ್ಷಾಂಶದಲ್ಲಿ.

ಗಡಿಯಾರ ಬೇಡ, ನೆರಳು ನೋಡಿ. ಅಂಗಳದಲ್ಲಿ ನಿಂತಾಗ ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಹೊತ್ತು ಸರಿ, ಉದ್ದ ಇದ್ದರೆ ಕೆಲಸವಿಲ್ಲ. ನಮ್ಮ ಅದೃಷ್ಟಕ್ಕೆ ಡಿಸೆಂಬರ್ ಚಳಿಯಲ್ಲೂ ನಡುಮಧ್ಯಾಹ್ನದ ನೆರಳು ಗಿಡ್ಡವೇ. ಏಪ್ರಿಲ್ ಕೊನೆಯ ವಾರದಲ್ಲಂತೂ ಒಂದು ದಿನ ನೆರಳು ಪೂರ್ತಿ ಕಾಲಡಿಗೆ ಸೇರಿಬಿಡುತ್ತದೆ. ಆಗಸ್ಟ್ ನಡುವೆಯೂ ಅಂಥ ಒಂದು ದಿನ ಬರುತ್ತದೆ, ಮಲೆನಾಡಿನಲ್ಲಿ ಅದನ್ನು ಮೋಡ ನುಂಗಿರುತ್ತದೆ ಅಷ್ಟೆ.

ತೋಳು, ಕಾಲು ಬಿಟ್ಟುಕೊಂಡು 20ರಿಂದ 30 ನಿಮಿಷ, ವಾರಕ್ಕೆ ಮೂರು ನಾಲ್ಕು ದಿನ. ಮುಖಕ್ಕೆ ಟೋಪಿಯೋ ಟವೆಲ್ಲೋ ಇರಲಿ. ಕಪ್ಪು ಮೈಬಣ್ಣದವರಿಗೆ ಹೊತ್ತು ಜಾಸ್ತಿ ಬೇಕು. ಚರ್ಮ ಉರಿಯಲು ಶುರುವಾಗುವ ಮೊದಲೇ ನೆರಳಿಗೆ ಬನ್ನಿ. ಎರಡು ಗಂಟೆ ಕೂತರೆ ಎರಡು ಪಟ್ಟು ಸಿಗುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಅದೇ ಬಿಸಿಲು ಹೆಚ್ಚಾದದ್ದನ್ನು ಒಡೆದು ಹಾಕುತ್ತದೆ. ಬಿಸಿಲು ಕಾಯಿಸಿದ ಮೇಲೆ ಸ್ನಾನ ಮಾಡಿದರೆ ತೊಳೆದು ಹೋಗುತ್ತದೆ ಅನ್ನುವುದು ಸುಳ್ಳು, ಅದು ಹುಟ್ಟುವುದು ಚರ್ಮದ ಒಳಪದರದಲ್ಲಿ. ಬಿಸಿಲಿಗೆ ಕೆರಳುವ ಲೂಪಸ್ ಕಾಯಿಲೆ ಇರುವವರು, ಚರ್ಮ ಬೇಗ ಬಿಸಿಲಿಗೆ ಸುಡುವಂತೆ ಮಾಡುವ ಡಾಕ್ಸಿಸೈಕ್ಲಿನ್ ಮಾತ್ರೆ ತಗೊಳ್ಳುತ್ತಿರುವವರು ಈ ಹಂತ ಬಿಡಿ.

ಗಾಜಿನ ಹಿಂದೆ ಕೂತರೆ ಲೆಕ್ಕಕ್ಕಿಲ್ಲ. ಮಳೆ ಎರಚಲು ತಡೆಯಲು ಜಗಲಿಗೆ ಗಾಜು ಹಾಕಿಸಿದ ಮನೆಗಳು ಈಗ ಜಾಸ್ತಿ. ಅಲ್ಲಿ ಬೆಚ್ಚಗಿರುತ್ತದೆ, ಯುವಿ-ಬಿ ಒಳಗೆ ಬರುವುದಿಲ್ಲ.

ಈಗ ತೋಟದವರ ಪ್ರಶ್ನೆ. ಕಾಫಿ ತೋಟ ಅಂದರೆ ನೆರಳಿನ ತೋಟ. ಮೇಲೆ ಸಿಲ್ವರ್, ಹಲಸು, ಅತ್ತಿ. ಕೆಳಗೆ ತಲೆಗೆ ಬಟ್ಟೆ, ಮೈಗೆ ತುಂಬು ತೋಳಿನ ಅಂಗಿ, ಕಾಲಿಗೆ ಜಿಗಣೆಗೆ ಹೆದರಿ ಉದ್ದ ಕಾಲುಚೀಲ. ದಿನವಿಡೀ ಹೊರಗಿದ್ದರೂ ಮೈಗೆ ಬಿಸಿಲು ಬೀಳುವುದು ಅಂಗೈಯಗಲ. ಇದಕ್ಕೆ ಮದ್ದು ಕಣದಲ್ಲೇ ಇದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಒಣಗಿಸುವಾಗ ಮಧ್ಯಾಹ್ನ ಹನ್ನೆರಡಕ್ಕೆ ಹರವಿದ್ದನ್ನು ತಿರುವುವ ಕೆಲಸವನ್ನು ನೀವೇ ಇಟ್ಟುಕೊಳ್ಳಿ, ತೋಳು ಮಡಚಿಕೊಂಡು.

## ಹಂತ 7: ಊಟದಿಂದ ಎಷ್ಟು ಸಿಗುತ್ತದೆ

ಸ್ವಲ್ಪವೇ. "ದಿನಾ ಮುದ್ದೆ ತಿಂತೀವಿ, ನಮಗೆ ಕಮ್ಮಿ ಹೇಗಾಯ್ತು?" ಅಂತ ಅರಸೀಕೆರೆ ಕಡೆಯವರು ಕೇಳುತ್ತಾರೆ. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದ 1,000 ಮಿಲಿಗ್ರಾಂನಲ್ಲಿ ಅದು ಒಳ್ಳೆಯ ಪಾಲು. ಆದರೆ ವಿಟಮಿನ್ ಡಿ ಇಲ್ಲ. ಮುದ್ದೆ ಬಿಡಬೇಡಿ, ಅದರಿಂದ ಡಿ ಬರುತ್ತದೆ ಅಂತಲೂ ಕಾಯಬೇಡಿ.

ಡಿ ಇರುವುದು ಎಣ್ಣೆ ಅಂಶದ ಮೀನಿನಲ್ಲಿ. ಚಾರ್ಮಾಡಿ, ಶಿರಾಡಿ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ ಒಳ್ಳೆಯವು. ಮೊಟ್ಟೆಯ ಹಳದಿಯಲ್ಲಿ 40 ಐಯು ಸುತ್ತಮುತ್ತ. ದಿನಕ್ಕೆ ಬೇಕಾದ್ದು 600 ಅಂತ ನಮ್ಮ ಐಸಿಎಂಆರ್ ಹೇಳುತ್ತದೆ, ಲೆಕ್ಕ ನೀವೇ ಹಾಕಿ. ಸಸ್ಯಾಹಾರಿಗಳು ಹಾಲು, ಅಡುಗೆ ಎಣ್ಣೆಯ ಪ್ಯಾಕೆಟ್ ಮೇಲೆ ನೀಲಿ ಬಣ್ಣದ ಪ್ಲಸ್ ಎಫ್ ಗುರುತು ಇದೆಯಾ ನೋಡಿ. ಇದ್ದರೆ ವಿಟಮಿನ್ ಎ, ಡಿ ಸೇರಿಸಿದ್ದಾರೆ ಅಂತ ಅರ್ಥ. ಅಂಗಡಿಯ ಅಣಬೆಯನ್ನು ಹೆಚ್ಚಿ ಅರ್ಧ ಗಂಟೆ ನಡುಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಅದರಲ್ಲೂ ಡಿಯ ಇನ್ನೊಂದು ರೂಪವಾದ ಡಿ2 ಹುಟ್ಟುತ್ತದೆ. ಕಾಡಿನ ಅಣಬೆಯ ಮೇಲೆ ಈ ಪ್ರಯೋಗ ಬೇಡ, ಗುರುತು ತಪ್ಪಿದರೆ ಪ್ರಾಣಕ್ಕೇ ಬರುತ್ತದೆ.

## ಹಂತ 8: ಮರುಪರೀಕ್ಷೆ

ಶುರು ಮಾಡಿ ಮೂರು ತಿಂಗಳಾದ ಮೇಲೆ, ಅದೇ ಲ್ಯಾಬಿನಲ್ಲಿ. ಎರಡು ವಾರಕ್ಕೇ ಓಡಬೇಡಿ, ದುಡ್ಡು ದಂಡ. ಅಂಕಿ ಏರಿಲ್ಲ ಅಂದರೆ ಡೋಸು ಹೆಚ್ಚಿಸುವ ಮೊದಲು ಕ್ಯಾಲೆಂಡರಿನ ಗೀಟು ಎಣಿಸಿ. ಎಂಟು ಇವೆಯಾ? ಖಾಲಿ ಹೊಟ್ಟೆಯಲ್ಲಿ ಕುಡಿದಿರಾ? ಸ್ಟ್ರಿಪ್ಪಿನ ಮೇಲೆ ಕೊಲೆಕ್ಯಾಲ್ಸಿಫೆರಾಲ್ ಇದೆಯಾ? ಎಲ್ಲ ಸರಿ ಇದ್ದೂ ಏರದಿದ್ದರೆ ಕರುಳು ಹೀರುತ್ತಿಲ್ಲ ಅಂತ ಅನುಮಾನ. ಪದೇ ಪದೇ ಭೇದಿ, ಇಳಿಯುತ್ತಿರುವ ತೂಕ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಅಂಕಿ ಏರಿತು, ಆದರೆ ಮಂಡಿ ನೋವು ಹೋಗಲಿಲ್ಲವಾ? ಹಾಗಾದರೆ ನೋವಿಗೆ ಕಾರಣ ಬೇರೆ, ಅದನ್ನು ಹುಡುಕಿ. ಡಿ ತುಂಬಿಕೊಂಡರೆ ಹೃದಯಾಘಾತ, ಕ್ಯಾನ್ಸರ್ ಬರುವುದಿಲ್ಲ ಅನ್ನುವ ಮೆಸೇಜುಗಳನ್ನೂ ಬದಿಗಿಡಿ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 2,000 ಐಯು ಕೊಟ್ಟರೂ ಅವೆರಡೂ ಕಮ್ಮಿಯಾಗಲಿಲ್ಲ.

## ಹಂತ 9: ಮಳೆಗಾಲಕ್ಕೆ ಮೊದಲೇ ತಯಾರಿ

ಸೌದೆ ಕೂಡಿಡುತ್ತೇವೆ, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬುತ್ತೇವೆ. ಡಿ ಮಾತ್ರ ನೆನಪಾಗುವುದು ಆಶ್ಲೇಷ ಮಳೆಯಲ್ಲಿ ಸೊಂಟ ಹಿಡಿದಾಗ. ರಕ್ತದಲ್ಲಿರುವ ದಾಸ್ತಾನು ಎರಡು ಮೂರು ವಾರಕ್ಕೆ ಅರ್ಧಕ್ಕಿಳಿಯುತ್ತದೆ. ಕೊಬ್ಬಿನಲ್ಲಿರುವುದು ಸ್ವಲ್ಪ ದಿನ ಕೈಹಿಡಿಯುತ್ತದೆ ಅಷ್ಟೆ. ಶೃಂಗೇರಿ, ಕೊಪ್ಪ, ಕೊಟ್ಟಿಗೆಹಾರದ ಕಡೆ ಆರಿದ್ರೆಯಿಂದ ಆಶ್ಲೇಷದವರೆಗೆ ಬಟ್ಟೆಯೇ ಒಣಗುವುದಿಲ್ಲ, ಚರ್ಮಕ್ಕೆಲ್ಲಿ ಬಿಸಿಲು? ಕಡೂರು, ಅರಸೀಕೆರೆಯವರಿಗೆ ಮೋಡದ ಮಧ್ಯೆ ಬಿಸಿಲು ಸಿಗುತ್ತದೆ, ಅವರು ಹಂತ 6 ಮುಂದುವರಿಸಬಹುದು.

ಸಾಲದ್ದಕ್ಕೆ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬಿಸಿಲು ಹೋದ ತಿಂಗಳಲ್ಲೇ ಬಂಗುಡೆಯೂ ಕಮ್ಮಿ, ಬಂದರೂ ದುಬಾರಿ.

ಹಾಗಾಗಿ ಒಮ್ಮೆ ಕೊರತೆ ಆಗಿದ್ದವರು ಮೇ ತಿಂಗಳಲ್ಲೇ ಡಾಕ್ಟರನ್ನು ಕಂಡು "ಮಳೆಗಾಲಕ್ಕೆ ಏನು ಡೋಸು?" ಅಂತ ಕೇಳಿ ಬರೆಸಿಕೊಳ್ಳಿ. ತಿಂಗಳಿಗೊಂದು ಪ್ಯಾಕೆಟ್ ಅಂದರೆ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರಿಗೆ ಬೇಕಾದ್ದು ನಾಲ್ಕೇ. ನಾಲ್ಕನ್ನೂ ಒಟ್ಟಿಗೆ ತಂದು, ಪ್ರತಿಯೊಂದರ ಮೇಲೂ ತಿಂಗಳ ಹೆಸರು ಬರೆದು, ತೇವ ತಾಗದ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟ ಬೇಡ, ಅಲ್ಲಿ ಬಿಸಿ. ಜೂನ್ ಮೊದಲ ಸಂತೆಯ ದಿನ, ಊಟದ ಮೇಲೆ, ಒಂದನೆಯದು.